ಅಜ್ಜಿಯ ಭಾನುವಾರದ ಮದ್ದು

ಶ್ರೀನಿವಾಸಪುರದ ನಮ್ಮ ಮನೆಗೆ ಎರಡು ಬಾಗಿಲು, ಎರಡಕ್ಕೂ ರೋಗಿಗಳೇ. ಮುಂಬಾಗಿಲಲ್ಲಿ ಇಂಗ್ಲಿಷ್ ಔಷಧಿಯ ಡಾಕ್ಟರಾಗಿದ್ದ ಅಪ್ಪ. ಹಿತ್ತಲಲ್ಲಿ, ಭಾನುವಾರದ ಬೆಳಿಗ್ಗೆ ಮಾತ್ರ, ಕಾಮಾಲೆಗೆ ಸೊಪ್ಪು ಅರೆದು ಕೊಡುತ್ತಿದ್ದ ಅವರ ತಾಯಿ, ನಮ್ಮಜ್ಜಿ. ಅಪ್ಪನಿಗೆ ನಾಟಿ ಮದ್ದಿನ ಮೇಲೆ ಹಗೆಯೇನೂ ಇರಲಿಲ್ಲ. ತಕರಾರು ಒಂದೇ: ಅದು ಯಾವ ಸೊಪ್ಪು ಎಂದು ಅಜ್ಜಿ ಬಾಯಿ ಬಿಡುತ್ತಿರಲಿಲ್ಲ. ಹೇಳಿದರೆ ಕೈಗುಣ ಹೋಗುತ್ತದೆಂದು ಆಕೆಗೆ ಕಲಿಸಿದವರ ಕಟ್ಟಪ್ಪಣೆ. "ಏನು ಕೊಡ್ತಿದೀನಿ ಅಂತ ಗೊತ್ತಿಲ್ಲದೆ ನಾನು ಯಾರಿಗೂ ಕೊಡಲ್ಲ" ಎನ್ನುವುದು ಅಪ್ಪನ ಪಟ್ಟು. ಇಬ್ಬರದೂ ಮೊಂಡುತನ, ನನಗೂ ಅದೇ ಬಂದಿದೆ.

ಯುದ್ಧದ ಕಾಲದಲ್ಲಿ ಅಮ್ಮನಿಗೇ ಕಾಮಾಲೆಯಾಯಿತು. ಕಣ್ಣು ಅರಿಸಿನ, ಅನ್ನ ಕಂಡರೆ ವಾಕರಿಕೆ. ಅಪ್ಪ ಗ್ಲೂಕೋಸ್ ಕುಡಿಸಿದರು, ಗೊತ್ತಿದ್ದುದನ್ನೆಲ್ಲ ಮಾಡಿದರು. ಅಮ್ಮ ದಿನೇದಿನೇ ಸೊರಗಿದಳು. ಭಾನುವಾರ ಅಜ್ಜಿ ಬಟ್ಟಲು ಹಿಡಿದು ಬಂದಾಗ ಅಪ್ಪ ಬಾಗಿಲಿಗೆ ಅಡ್ಡ ನಿಂತರು.

"ಅಮ್ಮಾ, ಅದರಲ್ಲೇನಿದೆ ಹೇಳು. ಇವಳ ಲಿವರ್ ಏನನ್ನೂ ತಡೆಯೋ ಸ್ಥಿತೀಲಿಲ್ಲ."

ಅಜ್ಜಿ ಸೊಸೆಯ ಮುಖ ನೋಡಿದಳು. ಆಮೇಲೆ ಮಗನ ಕಿವಿ ಹಿಡಿದು ಬಗ್ಗಿಸಿ ಏನೋ ಪಿಸುಗುಟ್ಟಿದಳು.

"ಅಷ್ಟೇನಾ? ಅದರಿಂದ ಕೆಡುಕಿಲ್ಲ, ಕೊಡು" ಎಂದರು ಅಪ್ಪ.

"ಇನ್ನು ನನ್ ಕೈಲಿ ಏನಿದೆ? ನೀನೇ ಕೊಡು ಕಣೋ."

ಅಪ್ಪನೇ ಕುಡಿಸಿದರು. ಸೊಪ್ಪಿನಿಂದಲೋ, ಗ್ಲೂಕೋಸಿನಿಂದಲೋ, ಉಪ್ಪು ಎಣ್ಣೆ ಬಿಟ್ಟ ಪಥ್ಯದಿಂದಲೋ, ಅಮ್ಮ ಚೇತರಿಸಿಕೊಂಡಳು. ನನಗೆ ಹೋದ ಜೀವ ಬಂದಂತಾಯಿತು.

ಮುಂದೊಂದು ಭಾನುವಾರ ಗೌನಿಪಲ್ಲಿಯಿಂದ ಒಬ್ಬಾಕೆ ಗಂಡನನ್ನು ಗಾಡಿಯಲ್ಲಿ ಮಲಗಿಸಿಕೊಂಡು ಹಿತ್ತಲಿಗೆ ಬಂದಳು. "ಅವ್ವಾ, ಮಂದು ಇಯ್ಯಮ್ಮಾ" ಎಂದು ಮದ್ದಿಗಾಗಿ ಅಜ್ಜಿಯ ಕಾಲು ಹಿಡಿದಳು. ಅಜ್ಜಿ ಮುಂಬಾಗಿಲು ತೋರಿಸಿದಳು. ಅಪ್ಪ ಪೇಚಿಗೆ ಸಿಕ್ಕರು. ಹೆಂಡತಿಗೆ ಕೊಟ್ಟಿದ್ದು ಬೇರೆ. ಬೋರ್ಡು ಹಾಕಿಕೊಂಡ ಡಾಕ್ಟರು ಊರವರಿಗೆಲ್ಲ ಸೊಪ್ಪು ಅರೆದರೆ ಕೋಲಾರದ ದೊಡ್ಡ ಡಾಕ್ಟರುಗಳು ಸುಮ್ಮನಿರುತ್ತಾರೆಯೇ? "ಇದೊಂದು ಸಲ ನೀನೇ ಕೊಡಮ್ಮ" ಎಂದು ಗೋಗರೆದರು.

ಅಜ್ಜಿ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು. "ಗುಣ ಇಲ್ಲದ ಕೈಲಿ ಕೊಟ್ಟು ಮೋಸ ಮಾಡ್ಲೇನೋ?"

ಅಪ್ಪ ರೋಗಿಯ ಕಣ್ಣು, ಹೊಟ್ಟೆ ಪರೀಕ್ಷಿಸಿದರು. ಆಮೇಲೆ ಕೋಟು ಕಳಚಿಟ್ಟು ಒರಳಿನ ಮುಂದೆ ಕೂತರು. ಡಾಕ್ಟರು ಅರೆಯುವ ಚೆಂದ ನೋಡಿ ನಾವೆಲ್ಲ ನಕ್ಕೆವು, ಅಜ್ಜಿ ನಗಲಿಲ್ಲ. ತೋರಿಸಿಕೊಡುವುದಕ್ಕೂ ಕೈ ಚಾಚಲಿಲ್ಲ.

ಅಮ್ಮನಿಗೆ ಅದನ್ನು ನೋಡಲಾಗಲಿಲ್ಲ. "ನನ್ನಿಂದ ನಿಮ್ ಕೈಗುಣ ಹೋಯ್ತಲ್ಲ ಅತ್ತೆ" ಎಂದು ಅತ್ತಳು.

"ಸುಮ್ನಿರೇ" ಎಂದು ಅಜ್ಜಿ ಗದರಿದಳು. "ನಿನ್ನ ಕಳ್ಕೊಂಡು ಗುಣ ಇಟ್ಕೊಂಡು ಏನ್ ಮಾಡ್ಲಿ?"