ಮಂಡಿ ಅಣ್ಣನ ಗಿಟಾರಿನ ಪಿಕಪ್ಪು

ನನ್ನ ರೇಡಿಯೋ ರಿಪೇರಿ ಅಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ಅಲ್ಲಿನ ಕೆಲವು ತಗಡಿನ ಡಬ್ಬಿಗಳು ಮಾತ್ರ ಅಟ್ಟದ ಮೇಲೆ ಉಳಿದಿದ್ದವು. ಮೊನ್ನೆ ಒಂದನ್ನು ತೆರೆದಾಗ ಮೊದಲು ಮೂಗಿಗೆ ಬಡಿದದ್ದು ಬೆಸುಗೆ ಹಾಕುವ ರಾಳದ ವಾಸನೆ. ಒಳಗೆ ಬಟ್ಟೆಯಲ್ಲಿ ಸುತ್ತಿದ್ದ ಬೆಳ್ಳಿ ಬಣ್ಣದ ಎರಡು ತುಂಡುಗಳಿದ್ದವು. ಬೀರುವಿನ ಬೀಗವಾ ಮಾವ ಎಂದು ಸೊಸೆ ಕೇಳಿದಳು. ಗಿಟಾರಿನ ಪಿಕಪ್ಪು, ತಂತಿಯ ಸದ್ದು ಹಿಡಿಯುವುದು ಎಂದೆ. ನಮ್ಮ ಮನೆಯಲ್ಲಿ ಗಿಟಾರ್ ಯಾವತ್ತಿತ್ತು ಎಂದು ನಕ್ಕಳು. ನಮ್ಮದಲ್ಲ, ಮಂಡಿ ಅಣ್ಣನದು...

ಎಂಬತ್ತರ ದಶಕದ ಮೊದಲ ವರ್ಷಗಳು. ಶ್ರೀನಿವಾಸಪುರದಲ್ಲಿ ನನ್ನ ಅಂಗಡಿ, ಅದರ ಎದುರು ಸಾಲಿನಲ್ಲಿ ಮಾವಿನ ಮಂಡಿಗಳು. ಮಂಡಿ ಅಣ್ಣ ಅಲ್ಲಿ ದಲ್ಲಾಳಿ. ಹಗಲು ಮಾವಿನಕಾಯಿ, ಸಂಜೆ ಆರ್ಕೆಸ್ಟ್ರಾ. ಕೋಲಾರ, ಮಾಲೂರು, ಮುಳಬಾಗಿಲು ಕಡೆ ಮದುವೆ, ಗಣೇಶನ ಪೆಂಡಾಲು ಎಲ್ಲಿದ್ದರೂ ಅವರ ಗಿಟಾರ್ ಇರಬೇಕು. ಚಿನ್ನದ ಗಣಿ ಕಡೆಯಿಂದ ಊರು ಬಿಟ್ಟು ಹೊರಟಿದ್ದ ಒಂದು ಕುಟುಂಬದಿಂದ ಅದನ್ನು ಕೊಂಡಿದ್ದರು. ನಡುವೆ ಗಟ್ಟಿ ಮರ, ಎರಡೂ ಪಕ್ಕ ಟೊಳ್ಳು. ಮುಖದ ಮೇಲೆ ಹಾವಿನ ಹಾಗೆ ಬಳುಕಿದ ಎರಡು ಸೀಳು. ಮಾವಿನ ಹಣ್ಣಿನ ಬಣ್ಣದ ಆ ಗಿಟಾರನ್ನು ಅವರು ಮಕ್ಕಳ ಕೈಗೂ ಕೊಡುತ್ತಿರಲಿಲ್ಲ.

ಒಂದು ವರ್ಷ ಅವರು ಗಿಟಾರ್ ಮಂಕಾಗಿದೆ ಎನ್ನತೊಡಗಿದರು. ತಂತಿ ಬದಲಾಯಿಸಿದರು, ಆಂಪ್ಲಿಫೈಯರಿನ ಗುಬುಟನ್ನು ಕೊನೆಯವರೆಗೆ ತಿರುಗಿಸಿದರು. ಜೊತೆಗೆ ಹಾಡುತ್ತಿದ್ದ ಹೆಂಗಸು ಮಾತ್ರ ಗಿಟಾರು ಕಿವಿಗೆ ಸೂಜಿ ಚುಚ್ಚಿದ ಹಾಗೆ ಬರುತ್ತಿದೆ ಎಂದು ಜಗಳಕ್ಕೆ ನಿಂತಳು. ಸದ್ದು ಸರಿಮಾಡಿಕೊಳ್ಳದಿದ್ದರೆ ಈ ಸಲ ಗಣೇಶನ ಹಬ್ಬಕ್ಕೆ ಬೇರೆಯವರನ್ನು ನೋಡುತ್ತೇನೆ ಎಂದು ತಂಡದ ಯಜಮಾನರೂ ಹೇಳಿಬಿಟ್ಟರು. ಮಂಡಿ ಅಣ್ಣನ ಮುಖ ಸಣ್ಣದಾಗಿತ್ತು. ತಂತಿಗಳ ಕೆಳಗಿರುವ ಪಿಕಪ್ಪಿನ ಅಯಸ್ಕಾಂತ ಹಳೆಯದಾಗಿದೆ, ಅದಕ್ಕೇ ಹೀಗೆ ಎಂದು ಅವರ ನಂಬಿಕೆ. ಇರಬಹುದು ಎಂದೆ. ಅಷ್ಟಕ್ಕೂ ಆ ಗಿಟಾರಿನ ಹೊಟ್ಟೆಯೊಳಗೆ ಏನಿದೆಯೋ ನೋಡಬೇಕೆಂದು ನನಗೂ ಆಸೆಯಿತ್ತು.

ಮದ್ರಾಸಿನಿಂದ ಒಂದು ಜೊತೆ ಹೊಸ ಪಿಕಪ್ಪು ತರಿಸಿದರು. ಆಷಾಢದಲ್ಲಿ ಮದುವೆಗಳಿಲ್ಲ, ಆರ್ಕೆಸ್ಟ್ರಾಗೂ ರಜೆ. ಒಂದು ಮಧ್ಯಾಹ್ನ ನನ್ನ ಮೇಜಿನ ಮೇಲೆ ಗೋಣಿಚೀಲ ಹಾಸಿ ಗಿಟಾರ್ ಮಲಗಿಸಿದೆವು. ಆ ಜಾತಿಯ ಗಿಟಾರಿಗೆ ಹಿಂದೆ ಮುಚ್ಚಳವಿಲ್ಲ. ಒಳಗಿನ ವೈರು, ಗುಬುಟು ಎಲ್ಲವನ್ನೂ ಆ ಸೀಳಿನಿಂದಲೇ ಹೊರಗೆಳೆದು, ಅಲ್ಲಿಂದಲೇ ಒಳಗೆ ಕಳಿಸಬೇಕು. ಬಾವಿಗೆ ಬಿದ್ದ ಬಿಂದಿಗೆ ಎತ್ತಿದ ಹಾಗೆ. ಎಳೆಯುವ ಮುಂಚೆ ಒಂದೊಂದಕ್ಕೂ ರೇಷ್ಮೆ ನೂಲು ಕಟ್ಟಿದೆ, ಮತ್ತೆ ಅದೇ ತೂತಿಗೆ ಬರಲಿ ಎಂದು. ವೈರಿನ ಜೊತೆ ಒಂದು ಹಿಡಿ ಒಣಹುಲ್ಲೂ ಬಂತು. ಸ್ಪೀಕರ್ ಹತ್ತಿರ ನಿಂತಾಗ ಗಿಟಾರ್ ತಾನಾಗಿಯೇ ಕೂಗುತ್ತದೆಂದು ಮಾವಿನ ಪೆಟ್ಟಿಗೆಯ ಹುಲ್ಲನ್ನೇ ಒಳಗೆ ತುರುಕಿದ್ದರಂತೆ. ಹಸುವಿಗೆ ಹಾಕಬಹುದಿತ್ತಲ್ಲ ಅಣ್ಣ ಎಂದು ರೇಗಿಸಿದೆ. ಅವರು ನಗಲಿಲ್ಲ.

ಬೆಸುಗೆ ಮುಗಿಸಿ, ನೂಲು ಎಳೆದು ಎಲ್ಲವನ್ನೂ ಜಾಗಕ್ಕೆ ತಂದು, ಆಂಪ್ಲಿಫೈಯರಿಗೆ ಹಾಕಿ ಒಂದು ತಂತಿ ಮೀಟಿದೆ. ಸದ್ದು ಚಾವಣಿಯ ತಗಡಿಗೆ ಹೋಗಿ ಬಡಿಯಿತು. ಬೀದಿಯಲ್ಲಿ ಹೋಗುತ್ತಿದ್ದ ಹಾಲಿನವಳು ನಿಂತು ತಿರುಗಿ ನೋಡಿದಳು. ಅವರು ಮಾತ್ರ ತಲೆ ವಾಲಿಸಿ, ಇನ್ನೂ ಏನೋ ಬರಬೇಕಾದದ್ದಿದೆ ಎನ್ನುವಂತೆ ಕಾದರು.

"ಲೇ ರೇಡಿಯೋ, ಅದೇ ಮಂಕು ಕಣೋ. ಏನೂ ಬದಲಾಗ್ಲಿಲ್ಲ."

ವೈರುಗಳನ್ನು ಮತ್ತೆ ನೋಡಿದೆ. ಎಲ್ಲವೂ ಸರಿಯಿತ್ತು. ಮಂಕಾದದ್ದು ಗಿಟಾರ್ ಅಲ್ಲ ಎಂದು ಆಗ ನನಗೆ ಗೊತ್ತಾಯಿತು. ಇಷ್ಟು ದಿನ ಯಾರಿಗೂ ಗೊತ್ತಾಗದಿದ್ದುದು ಹೇಗೆ ಎಂದೂ ಗೊತ್ತಾಯಿತು. ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವ ಪದ್ಧತಿಯೇ ಇರಲಿಲ್ಲ. ಟವೆಲಿನ ಕೆಳಗೆ ಕೈಗೆ ಕೈ ಕೊಟ್ಟು, ಬೆರಳು ಹಿಡಿದು ವ್ಯಾಪಾರ. ಅಲ್ಲಿ ಕಿವಿಗೆ ಕೆಲಸವೇ ಇಲ್ಲ. ಮನೆಯಲ್ಲಿ ಅವರ ಹೆಂಡತಿಯದು ಮೊದಲಿಂದಲೂ ಊರಿಗೆಲ್ಲ ಕೇಳುವ ಗಂಟಲು.

ಅವರು ನನ್ನ ಮುಖ ನೋಡಿದರು. ಹೆಗಲ ಮೇಲಿನ ಟವೆಲು ತೆಗೆದು ನನ್ನ ಕೈ ಮೇಲೆ ಹಾಕಿ, ಅದರೊಳಗೆ ತಮ್ಮ ಕೈ ಚಾಚಿದರು.

"ಹಳೇದ್ರಂಗೇ ಇದ್ರೆ ಒಂದು ಬೆರಳು ಹಿಡಿ. ಚೆನ್ನಾಗಿ ಕೇಳಿಸ್ತಾ ಇದ್ರೆ ಐದೂ ಹಿಡಿ."

ಟವೆಲಿನ ಕೆಳಗೆ ಸುಳ್ಳು ಹೇಳಿದವನನ್ನು ಮಂಡಿಯ ಜಗಲಿ ಹತ್ತಿಸುತ್ತಿರಲಿಲ್ಲ. ನಾನು ವ್ಯಾಪಾರಿಯಲ್ಲ, ಆದರೂ ಆ ಊರಿನವನು. ಐದೂ ಬೆರಳನ್ನು ಒಟ್ಟಿಗೆ ಹಿಡಿದೆ. ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ ಬೆರಳ ತುದಿಗಳು. ಅವರು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಆಮೇಲೆ ಗಿಟಾರಿನ ಕಡೆ ನೋಡಿ ಹೇಳಿದರು, "ಹಳೇದ್ನೇ ಹಾಕ್ಬಿಡಪ್ಪ. ಅದಿದ್ದಾಗ ತಪ್ಪು ಗಿಟಾರ್ದು ಅಂತಾದ್ರೂ ಇತ್ತು."

ಹಳೆಯದನ್ನೇ ಮತ್ತೆ ಬೆಸೆದೆ. ಹುಲ್ಲನ್ನೂ ಅವರೇ ಎಳೆ ಎಳೆಯಾಗಿ ಒಳಗೆ ತುರುಕಿದರು. ಹೊಸದು ನಿನ್ನ ಹತ್ತಿರವೇ ಇರಲಿ ಎಂದು ಗಿಟಾರ್ ಎತ್ತಿಕೊಂಡು ಹೋದರು. ಆ ವರ್ಷ ಗಣೇಶನ ಹಬ್ಬಕ್ಕೆ ಮುಳಬಾಗಿಲಿನ ಪೆಂಡಾಲಿನಲ್ಲಿ ಯಾರೋ ಹೊಸಬ ಗಿಟಾರ್ ನುಡಿಸಿದ. ಮಂಡಿ ಅಣ್ಣ ಬಂದಿದ್ದರು. ಮುಂದಿನ ಸಾಲು ಬಿಟ್ಟು ಪಕ್ಕದಲ್ಲಿ, ಸ್ಪೀಕರ್ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟುಕೊಂಡು ಕೊನೆಯವರೆಗೂ ನಿಂತಿದ್ದರು. ಆಮೇಲೂ ಎಷ್ಟೋ ವರ್ಷ ಮಂಡಿಯಲ್ಲಿ ವ್ಯಾಪಾರ ಮಾಡಿದರು, ಒಳ್ಳೆಯ ದಲ್ಲಾಳಿ ಎನ್ನಿಸಿಕೊಂಡೇ ಹೋದರು. ಗಿಟಾರ್ ಏನಾಯಿತೋ... ನಾನು ವಿಚಾರಿಸಲಿಲ್ಲ.

ಮೊನ್ನೆ ಆ ಪಿಕಪ್ಪುಗಳಲ್ಲಿ ಒಂದಕ್ಕೆ ಎರಡು ವೈರು ಬೆಸೆದು, ಮನೆಯಲ್ಲಿದ್ದ ಹಳೆಯ ಆಂಪ್ಲಿಫೈಯರಿಗೆ ಸೇರಿಸಿದೆ. ಸ್ಕ್ರೂಡ್ರೈವರ್ ಹತ್ತಿರ ಒಯ್ದರೆ ಅಯಸ್ಕಾಂತ ಈಗಲೂ ಲಬಕ್ಕನೆ ಹಿಡಿಯಿತು. ಅದರಿಂದಲೇ ಮೆಲ್ಲಗೆ ತಟ್ಟಿದೆ. ನನಗೆ ಎಲ್ಲೋ ದೂರದಲ್ಲಿ ಬಾಗಿಲು ಬಡಿದ ಹಾಗೆ ಸಣ್ಣ ಸದ್ದು ಕೇಳಿಸಿತು. ಪಕ್ಕದ ಕೋಣೆಯಿಂದ ಸೊಸೆ ಎರಡೂ ಕಿವಿ ಮುಚ್ಚಿಕೊಂಡು ಓಡಿ ಬಂದಳು.

ನಾನು ಸ್ವಿಚ್ ಆರಿಸಿದೆ. ಮಂಡಿ ಅಣ್ಣ ಇದ್ದಿದ್ದರೆ ಈಗ ನಾನೂ ಅವರ ಮುಂದೆ ಟವೆಲು ಹಾಸಿ ಕೈ ಚಾಚಬಹುದಿತ್ತು. ಅವರಿಲ್ಲ.