ಕುರಿ ಡಾಕ್ಟರು, ಕೋರ್ಟಿನ ಮೇಡಂ ಮತ್ತು ನಾನು

ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯ ವಾಸನೆ ಮೂಗಿಗೆ ಬಡಿದರೆ ಸಾಕು, ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಸಿಂಧನೂರಿನ ಈ ಖಾಸಗಿ ಲ್ಯಾಬಿನ ಬೆಂಚಿನ ಮೇಲೆ ಮಗಳ ಪಕ್ಕ ಕೂತಿದ್ದೇನೆ. ಕೂತಿದ್ದೇನೆ ಎನ್ನುವುದು ಬರೀ ಮಾತಿಗೆ. ಆಗಲೇ ಎದ್ದು ನೀರು ಕುಡಿದೆ, ಬಾಗಿಲತನಕ ಹೋಗಿ ಬಂದೆ, ಗೋಡೆಗೆ ಹಚ್ಚಿದ ಮೂತ್ರಪಿಂಡದ ಚಿತ್ರವನ್ನು ಜನ್ಮದಲ್ಲಿ ಕಾಣದವಳಂತೆ ನೋಡಿದೆ. ಮೊನ್ನೆ ಮಗಳು ರಕ್ತ ಕೊಟ್ಟಿದ್ದಳು. ಇವತ್ತು ರಿಪೋರ್ಟು ಬರಬೇಕು.

“ಅವ್ವಾ, ರಕ್ತ ನಂದು. ನಿನಗ್ಯಾಕ ಇಷ್ಟ್ ತಳಮಳ?” ಎಂದಳು.

ಏನು ಹೇಳಲಿ? ಇಂಥದೇ ಲ್ಯಾಬಿನಲ್ಲಿ ನಾನು ಎಷ್ಟೋ ವರ್ಷ ಕಿಟಕಿಯ ಒಳಗೆ ಕೂತು ರಕ್ತ ಪರೀಕ್ಷೆ ಮಾಡಿದವಳು. ಹೊರಗಿನ ಬೆಂಚು ಇಷ್ಟು ಗಟ್ಟಿ ಇರುತ್ತದೆಂದು ಗೊತ್ತಿರಲಿಲ್ಲ.

ಆ ಕಿಟಕಿ ಬಿಟ್ಟು ನಾನು ಸೇರಿದ್ದು ಜೀವರಸಾಯನ ಮತ್ತು ತಳಿವಿಜ್ಞಾನದ ಒಂದು ಸಂಶೋಧನಾ ತಂಡವನ್ನು. ತಲಸೇಮಿಯಾ ಎಂಬ ಕಾಯಿಲೆಯ ಹೆಸರು ಕೇಳಿರುತ್ತೀರಿ. ಮಗುವಿನ ಮೈಯಲ್ಲಿ ಸರಿಯಾದ ರಕ್ತ ತಯಾರಾಗುವುದಿಲ್ಲ, ಮತ್ತೆ ಮತ್ತೆ ಬೇರೆಯವರ ರಕ್ತ ಹಾಕಿಸುತ್ತಲೇ ಇರಬೇಕು. ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯಲ್ಲಿ ಅದು ಯಾವ ಮನೆತನಗಳಲ್ಲಿ ಹರಿದು ಬಂದಿದೆ ಎಂದು ನೋಡುವುದು ನಮ್ಮ ಕೆಲಸ. ವಿಜ್ಞಾನಿಗಳು ಎಂದ ಕೂಡಲೇ ದೊಡ್ಡದೇನೋ ಕಲ್ಪಿಸಿಕೊಳ್ಳಬೇಡಿ. ಊರೂರು ತಿರುಗುತ್ತಿದ್ದವರು ನಾವು ಮೂವರು, ಒಂದು ಹಳೆಯ ಜೀಪು.

ಲಿಂಗಸುಗೂರಿನ ಬಸವರಾಜ ಸರ್ ಮೊದಲು ಪಶುವೈದ್ಯರು. ಕುರಿಗಳ ತಳಿಯ ಮೇಲೆ ಓದಿ ಡಾಕ್ಟರೇಟು ಪಡೆದು ಇತ್ತ ಬಂದಿದ್ದರು. ರಕ್ತ ತೆಗೆಯುವ ಮುಂಚೆ ಮನುಷ್ಯರ ಬೆನ್ನನ್ನೂ ಸವರುತ್ತಿದ್ದರು. ಎಷ್ಟು ಹೇಳಿದರೂ ಆ ಕೈ ಕೇಳುತ್ತಿರಲಿಲ್ಲ. ಮಸ್ಕಿಯ ಸುನಂದಾ ಮೇಡಂ ಬೌದ್ಧರ ಮನೆಯ ಹೆಣ್ಣುಮಗಳು, ಅಪರಾಧ ಪ್ರಕರಣಗಳ ಪ್ರಯೋಗಾಲಯದಲ್ಲಿದ್ದವರು. ಈ ಮಗು ಯಾರದು, ಈ ರಕ್ತ ಯಾರದು ಎಂದು ನೋಡಿ, ಉತ್ತರವನ್ನು ಲಕೋಟೆಯಲ್ಲಿ ಮುಚ್ಚಿ ಅರಗಿನ ಮುದ್ರೆ ಒತ್ತಿ ಕೋರ್ಟಿಗೆ ಕಳಿಸುವುದು ಅವರ ಉದ್ಯೋಗವಾಗಿತ್ತು. ಅಷ್ಟು ವರ್ಷದಲ್ಲಿ ಆ ರಕ್ತದ ಹಿಂದಿನ ಒಂದು ಮುಖವನ್ನೂ ಅವರು ನೋಡಿರಲಿಲ್ಲ. ಜನರ ನಡುವೆ ಕೂತರೆ ಬಾಯಿಯೇ ಬಿಡುತ್ತಿರಲಿಲ್ಲ. ಇನ್ನು ನಾನು. ರಿಪೋರ್ಟನ್ನು ಕಿಟಕಿಯಿಂದ ಹೊರಗೆ ತಳ್ಳಿ “ಮುಂದಿನವ್ರು ಬರ್ರಿ” ಎನ್ನುವುದರಲ್ಲಿ ನುರಿತವಳು. ಆ ಕಾಗದ ಓದಿದವರ ಮುಖ ಏನಾಯಿತೆಂದು ನೋಡುವಷ್ಟರಲ್ಲಿ ಮುಂದಿನವರು ಬಂದಿರುತ್ತಿದ್ದರು.

ತುರ್ವಿಹಾಳದ ಹನುಮವ್ವನ ಮನೆಗೆ ನಾವು ಹೋದದ್ದು ಇಂಥ ಮೂರು ಅಭ್ಯಾಸಗಳನ್ನು ಹೊತ್ತುಕೊಂಡು. ಹನುಮವ್ವನ ಕಿರಿಯ ಮಗನಿಗೆ ಆ ಕಾಯಿಲೆ ಇತ್ತು. ಹಿರಿಯ ಮಗಳು ರೇಣುಕಾಳ ಮದುವೆ ಹನುಮವ್ವನ ತಮ್ಮ ಮಲ್ಲಪ್ಪನ ಜೊತೆ ನಿಶ್ಚಯವಾಗಿತ್ತು. ಭತ್ತ ಕೊಯ್ಯುವ ಮಷೀನು ಓಡಿಸುವ, ನಗುಮುಖದ ಹುಡುಗ. ಎಲ್ಲರೂ ರಕ್ತ ಕೊಟ್ಟರು. ಕಾಯಿಲೆಯ ದೋಷವನ್ನು ರಕ್ತದಲ್ಲಿ ಹೊತ್ತವರು ಆರೋಗ್ಯವಾಗಿಯೇ ಇರುತ್ತಾರೆ. ಆ ದೋಷ ಒಬ್ಬರಲ್ಲೇ ಇದ್ದರೆ ಹುಟ್ಟುವ ಮಗುವಿಗೆ ಕಾಯಿಲೆ ಬರುವುದಿಲ್ಲ; ತಂದೆತಾಯಿ ಇಬ್ಬರಲ್ಲೂ ಇದ್ದರೆ ಬರಬಹುದು. ರೇಣುಕಾಳಲ್ಲಿತ್ತು. ಮಲ್ಲಪ್ಪನಲ್ಲೂ ಇತ್ತು.

ಹೇಳುವುದು ಹೇಗೆ? ರಿಪೋರ್ಟು ಹಿಡಿದು ಮತ್ತೆ ಹೋಗುವಾಗ ಜೀಪಿನಲ್ಲಿ ದಾರಿಯುದ್ದಕ್ಕೂ ಅದೇ ಚರ್ಚೆ. ಕಾಲುವೆ ಬಂತು, ಊರು ಬಂತು, ಉತ್ತರ ಬರಲಿಲ್ಲ. ಕೊನೆಗೆ ಬಸವರಾಜ ಸರ್ ಹನುಮವ್ವನ ಮನೆಯ ಕಟ್ಟೆಯ ಮೇಲೆ ಕೂತು, ತಮಗೆ ಗೊತ್ತಿದ್ದ ದಾರಿಯಲ್ಲೇ ಶುರುಮಾಡಿದರು.

“ಹನುಮವ್ವಾ, ಹಿಂಡಿನ್ಯಾಗ ಹುಟ್ಟಿದ ಟಗರ ಅದ ಹಿಂಡಿಗೆ ಬಿಡತೀರೇನು? ಬ್ಯಾರೆ ಊರಿಂದ ತರತೀರಿಲ್ಲ?”

ಹನುಮವ್ವ ಕೈಯಲ್ಲಿದ್ದ ಮೊರ ಕೆಳಗಿಟ್ಟಳು. “ನನ್ನ ಮಗಳೇನು ಕುರಿ ಏನ್ರಿ? ನನ್ನ ತಮ್ಮ ಟಗರೇನು? ನೀರು ಕುಡದು ಎದ್ದು ನಡೀರಿ.”

ಸರ್ ಮುಖ ಇಷ್ಟು ಸಣ್ಣದಾಯಿತು. ಅವಳು ನನ್ನ ಕಡೆ ತಿರುಗಿದಳು. “ಯವ್ವಾ, ನೀ ಹೇಳು. ನಿನ್ನ ಕೈ ಹಿಡದಾತ ಯಾರು?”

“ನಮ್ಮವ್ವನ ತಮ್ಮ,” ಎಂದೆ.

“ಮಕ್ಕಳು?”

“ಒಬ್ಬಾಕಿ ಮಗಳು. ಛಲೋ ಅದಾಳ.”

“ಮತ್ತ! ನಿನಗ ಆದದ್ದು ನನ್ನ ಮಗಳಿಗ್ಯಾಕ ಆಗಬಾರದು?”

ಇಬ್ಬರ ರಕ್ತದಲ್ಲೂ ಅದಿದೆ ಎಂಬ ಉತ್ತರ ನನ್ನ ಕೈಯಲ್ಲೇ ಇತ್ತು. ಆದರೆ ಅದು ಕಿಟಕಿಯಿಂದ ತಳ್ಳುವಂಥ ಉತ್ತರ. ಆ ತಾಯಿಯ ಮುಖ ನೋಡುತ್ತ “ಮುಂದಿನವ್ರು ಬರ್ರಿ” ಎನ್ನಲು ಇಲ್ಲಿ ಕಿಟಕಿ ಇರಲಿಲ್ಲ.

ಆಗ ಮಾತಾಡಿದ್ದು ಸುನಂದಾ ಮೇಡಂ. “ಹನುಮವ್ವಾರ, ನಾವು ತಪ್ಪು ಮಾಡಾಕತ್ತೀವಿ. ರಕ್ತ ರೇಣುಕಾಂದು. ಮೊದಲು ಆಕಿಗೆ ಹೇಳಬೇಕು, ಆಕಿಗೆ ಒಬ್ಬಾಕಿಗೆ. ಮಲ್ಲಪ್ಪಂದು ಮಲ್ಲಪ್ಪಗ.”

ರೇಣುಕಾಳನ್ನು ಒಳಗೆ ಕರೆದೊಯ್ದೆವು. ಮೇಡಂ ಹೇಳಿದ್ದನ್ನು ಅವಳು ತಲೆ ಎತ್ತಿ ಕೇಳಿದಳು. “ತಮ್ಮಗ ರಕ್ತ ಹಾಕಸಾಕ ರಾಯಚೂರಿಗೆ ಬಸ್ಸಿನ್ಯಾಗ ನಾನ ಕರಕೊಂಡು ಹೋಗತೀನ್ರಿ. ಸೂಜಿ ಚುಚ್ಚಿದಾಗ ನನ್ನ ಕೈ ಹಿಡೀತಾನ. ನನಗ ಗೊತ್ತೈತಿ ಅದು.” ಆಮೇಲೆ ಮೆಲ್ಲಗೆ, “ಮಾವಗೂ ಐತೇನ್ರಿ?”

“ಅದನ್ನ ಆತನ್ನ ಕೇಳಬೇಕವ್ವ,” ಎಂದರು ಮೇಡಂ. ಹಳೆಯ ಉದ್ಯೋಗದ ಮೌನ ಅಷ್ಟು ಮೃದುವಾಗಿರಬಹುದೆಂದು ನಾನು ಎಣಿಸಿರಲಿಲ್ಲ.

ಅಷ್ಟರಲ್ಲಿ ಹಿತ್ತಲಲ್ಲಿ ಬಸವರಾಜ ಸರ್ ಮಲ್ಲಪ್ಪನಿಗೆ ಅವನ ರಿಪೋರ್ಟು ಹೇಳಿ ಮುಗಿಸಿದ್ದರು. ಈ ಸಲ ಟಗರಿನ ಮಾತಿಲ್ಲದೆ. ಅವನು ನೇರ ಅಕ್ಕನ ಮುಂದೆ ಬಂದು ನಿಂತ. “ಅಕ್ಕಾ, ನನ್ನ ರಕ್ತದಾಗೂ ಅದ ಐತಂತ. ರೇಣುಕಾಗೂ ಇದ್ರ? ಇನ್ನೊಂದು ಕೂಸು ಹಂಗ ಬಿಳಿಚಿಕೊಂಡು ಮಲಗೋದು ನನಗ ನೋಡಾಕ ಆಗಂಗಿಲ್ಲ. ಈ ಮದುವಿ ಬ್ಯಾಡ.” ಒಳಬಾಗಿಲಲ್ಲಿ ರೇಣುಕಾ ನಿಂತಿದ್ದಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಳು ಬಂದದ್ದು ಹನುಮವ್ವನಿಗೆ. ನಮ್ಮನ್ನು ಬೈದಳು, ತಮ್ಮನನ್ನು ಬೈದಳು, ಸತ್ತ ಗಂಡನನ್ನೂ ಬಿಡಲಿಲ್ಲ. ನಾವು ಬೈಸಿಕೊಂಡು ಕೂತೆವು. ಎದ್ದು ಹೋಗುವುದು ಸುಲಭವಿತ್ತು. ಯಾಕೋ ಮೂವರೂ ಏಳಲಿಲ್ಲ.

ಮಲ್ಲಪ್ಪ ಬಹಳ ದಿನ ಅಕ್ಕನ ಹೊಸ್ತಿಲು ತುಳಿಯಲಿಲ್ಲವಂತೆ. ರೇಣುಕಾ ವಳಕಮದಿನ್ನಿಯ ಒಬ್ಬನನ್ನು ಮದುವೆಯಾದಳು. ಮೊದಲು ಅವನ ರಕ್ತ ನೋಡಿಸಿಯೇ. ಆ ಮದುವೆಯಲ್ಲಿ ಮಾವ ಮಲ್ಲಪ್ಪನೇ ಓಡಾಡಿ ಊಟ ಬಡಿಸಿದ. ಹನುಮವ್ವ ನನ್ನ ಎಲೆಗೆ ಹೋಳಿಗೆ ಹಾಕಿದಳು, ಮಾತು ಮಾತ್ರ ಆಡಲಿಲ್ಲ.

ತುರ್ವಿಹಾಳದಿಂದ ಬಂದ ಮರುವಾರ ನಾನೂ ನನ್ನ ಗಂಡನೂ ರಕ್ತ ಕೊಟ್ಟೆವು. ಅವರಲ್ಲಿ ಇರಲಿಲ್ಲ, ನನ್ನಲ್ಲಿತ್ತು. ಮಗಳಿಗೆ ಇರಬಹುದು, ಇಲ್ಲದಿರಬಹುದು. ಅವಳು ದೊಡ್ಡವಳಾದ ಮೇಲೆ ಹೇಳಿದೆ. ನೋಡಿಸು ಎಂದು ಒತ್ತಾಯಿಸಲಿಲ್ಲ. ಈಗ ಒಬ್ಬನನ್ನು ಮೆಚ್ಚಿ, ತಾನೇ ಬಂದು ರಕ್ತ ಕೊಟ್ಟಿದ್ದಾಳೆ.

ಅವಳ ಹೆಸರು ಕೂಗಿದರು. ನನ್ನ ಕೈ ತಾನಾಗಿ ಮುಂದೆ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ಮಗಳು ರಿಪೋರ್ಟು ಓದಿ, ಮಡಚಿ ಚೀಲದಲ್ಲಿಟ್ಟು, ಫೋನ್ ಹಿಡಿದು ಹೊರಗೆ ನಡೆದಳು. ನಾನು ಎದುರಿನ ಹೋಟೆಲಿನಲ್ಲಿ ಚಹಾ ಹೇಳಿ ಕಾದೆ. ಬಹಳ ಹೊತ್ತು ಮಾತಾಡಿ ಬಂದು ಎದುರಿಗೆ ಕೂತಳು.

“ಐತಿ ಅವ್ವಾ. ನಿನ್ನಂಗ,” ಎಂದಳು. “ಆತಗೂ ಹೇಳೀನಿ. ನಾಳೆ ಮುಂಜಾನೆ ಬಸ್ಸಿಗೆ ಬರತಾನಂತ, ರಕ್ತ ಕೊಡಾಕ.”

ನನ್ನ ಚಹಾದ ಮೇಲೆ ಕೆನೆ ಕಟ್ಟಿತ್ತು. ಅವಳು ಅದನ್ನು ಚಮಚದಿಂದ ತೆಗೆದು, ಕಪ್ಪು ನನ್ನ ಕಡೆ ಸರಿಸಿದಳು.