ಆಯಮ್ಮನ ಗಡಿಯಾರ

ನಮ್ಮ ಶಿಶುವಿಹಾರದ ಆಯಮ್ಮನಿಗೆ ಮೂವತ್ತು ಮಕ್ಕಳ ಚಪ್ಪಲಿಯೂ ಗೊತ್ತು, ಸುಳ್ಳು ಹೊಟ್ಟೆನೋವೂ ಗೊತ್ತು. ಅವಳು ಮೂಗು ಒರೆಸುವ ರಭಸಕ್ಕೆ ನೆಗಡಿಯೇ ಹೆದರಿ ಓಡಬೇಕು. “ಎರಡೂ ಮುಳ್ಳು ಮೇಲೆ ಸೇರಿದಾಗ ಅಮ್ಮ ಬರ್ತಾರೆ” ಎಂದು ಟೀಚರು ಮಕ್ಕಳಿಗೆ ಗಡಿಯಾರ ಕಲಿಸಿದ್ದಾರೆ. ಅದಕ್ಕೇ ಆಯಮ್ಮ ದಿನಾ ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಗಡಿಯಾರದ ಸೆಲ್ ತೆಗೆದು ಮುಷ್ಟಿಯಲ್ಲಿಟ್ಟುಕೊಳ್ಳುತ್ತಾಳೆ. ಕೊನೆಯ ತಾಯಿ ಗೇಟಿನಲ್ಲಿ ಕಂಡ ಮೇಲೆಯೇ ಹಾಕುತ್ತಾಳೆ. “ಅಳಬಾರದು ಕಂದ, ನೋಡು, ಇನ್ನೂ ಟೈಮೇ ಆಗಿಲ್ಲ!” ಹೀಗಾಗಿ ನಮ್ಮಲ್ಲಿ ಈವರೆಗೆ ಒಬ್ಬ ತಾಯಿಯೂ ತಡ ಮಾಡಿದ್ದಿಲ್ಲ. ನಿನ್ನೆ ಎಲ್ಲರೂ ಹೋದ ಮೇಲೆ ಉಳಿದಿದ್ದ ಒಬ್ಬಳೇ ಹುಡುಗಿಯನ್ನು ಕರೆದೊಯ್ಯಲು ಅವಳ ತಂದೆ, ಹೆಂಡತಿ ತೀರಿಕೊಂಡ ಆಸ್ಪತ್ರೆಯಿಂದ ನೇರವಾಗಿ ಬಂದರು. ಹುಡುಗಿ ಗಡಿಯಾರದತ್ತ ಬೆರಳು ತೋರಿಸಿ, “ಇನ್ನೂ ಟೈಮ್ ಆಗಿಲ್ಲ ಅಪ್ಪ, ಅಮ್ಮ ಬರ್ತಾಳೆ” ಎಂದಳು. ಆಯಮ್ಮನ ಮುಷ್ಟಿ ಬಿಚ್ಚಲಿಲ್ಲ.